ಬಿಸಿಲುಣ್ಣುವ ಹರಳು: ಬೆಂಜೋಫೀನೋನ್

ಸಂಜೆಯ ಹೊತ್ತು ಕೆಂಡದ ಮೇಲೆ ಉದುರಿಸುವ ಲೋಬಾನದ ಪರಿಮಳವನ್ನು ಅರಿಯದವರು ನಮ್ಮಲ್ಲಿ ವಿರಳ. ಸುಮಾತ್ರ, ಸಯಾಮ್ ಮೊದಲಾದ ನಾಡುಗಳ ಮರಗಳಿಂದ ಒಸರುವ ಈ ಅಂಟನ್ನು ಅರಬ್ಬೀ ವರ್ತಕರು ‘ಲುಬಾನ್ ಜಾವೀ’ ಎಂದು, ಅಂದರೆ ಜಾವಾ ಸೀಮೆಯ ಧೂಪವೆಂದು, ಕರೆದರು. ಆ ಹೆಸರು ಯುರೋಪಿನ ಬಂದರುಗಳನ್ನು ಮುಟ್ಟುವಷ್ಟರಲ್ಲಿ ಮೊದಲಕ್ಷರವನ್ನು ಕಳೆದುಕೊಂಡು ‘ಬೆಂಜಾಯಿನ್’ ಆಯಿತು. ಅಂಟಿನಿಂದ ದೊರೆತ ಆಮ್ಲಕ್ಕೆ ಬೆಂಜಾಯಿಕ್ ಆಮ್ಲವೆಂದೂ, ಆ ಆಮ್ಲವನ್ನು ಸುಣ್ಣದೊಡನೆ ಕಾಯಿಸಿ ಇಳಿಸಿದ ದ್ರವಕ್ಕೆ ಬೆಂಜೀನ್ ಎಂದೂ ಹೆಸರುಗಳು ಬಂದವು. ಹೀಗೆ ಸುವಾಸನೆಯ ಅಂಟು, ಎಣ್ಣೆಗಳಿಂದ ಮೊದಮೊದಲು ದೊರೆತ ವಸ್ತುಗಳ ಕುಲಕ್ಕೆಲ್ಲ ರಸಾಯನಶಾಸ್ತ್ರಜ್ಞರು ‘ಆರೋಮ್ಯಾಟಿಕ್’, ಎಂದರೆ ಸುಗಂಧವರ್ಗ, ಎಂಬ ಹೆಸರನ್ನಿಟ್ಟರು. ಇಂದು ಆ ಹೆಸರಿಗೂ ಮೂಗಿಗೂ ಸಂಬಂಧ ಉಳಿದಿಲ್ಲ. ಆರು ಇಂಗಾಲದ ಪರಮಾಣುಗಳು ಉಂಗುರವಾಗಿ ಕೈಕೈ ಹಿಡಿದು ನಿಂತ ಬೆಂಜೀನಿನ ಚೌಕಟ್ಟು ಯಾವ ವಸ್ತುವಿನಲ್ಲಿದ್ದರೂ, ಅದು ನಾರುತ್ತಿದ್ದರೂ ಸರಿಯೆ, ಈ ವರ್ಗಕ್ಕೇ ಸೇರುತ್ತದೆ.

ಈ ಕುಲದ ಒಂದು ಕುಡಿ ಬೆಂಜೋಫೀನೋನ್. ಹೆಸರನ್ನು ಕೇಳಿದವರು ಕೆಲವರೇ ಇರಬಹುದು. ಆದರೆ ಅದರ ಅಥವಾ ಅದರ ಬಂಧುಗಳ ಕೈವಾಡವನ್ನು ಕಾಣದವರು ಇಲ್ಲ. ಬಿಸಿಲಿಗೆ ಹೋಗುವ ಮೊದಲು ಮೈಗೆ ಹಚ್ಚುವ ಲೇಪ, ರಟ್ಟಿನ ಪೆಟ್ಟಿಗೆಗಳ ಮೇಲಿನ ಹೊಳಪು ಮುದ್ರಣ, ಕೀಲುನೋವಿಗೆ ತಿಕ್ಕುವ ಮುಲಾಮು, ಬೆನ್ನೆಲುಬಿನ ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸುವ ಬಿಲ್ಲೆ, ಇವೆಲ್ಲದರಲ್ಲಿಯೂ ಈ ವಂಶದ ಪಾತ್ರವುಂಟು. ಒಂದೆಡೆ ಚರ್ಮದ ರಕ್ಷಕನೆಂದು ಇದರ ಬಂಧುವನ್ನು ಹೊಗಳುತ್ತಾರೆ. ಮತ್ತೊಂದೆಡೆ ಕಡಲಿನ ಜೀವಿಗಳಿಗೆ ಕಂಟಕವೆಂದು ಅದನ್ನೇ ಕಾನೂನು ಮಾಡಿ ಹೊರಗಿಡುತ್ತಾರೆ. ಈ ಎರಡು ಮಾತುಗಳಲ್ಲಿ ಯಾವುದು ನಿಜ? ಎರಡೂ ನಿಜ, ಮತ್ತು ಎರಡಕ್ಕೂ ಕಾರಣ ಒಂದೇ. ಅದನ್ನು ತಿಳಿಯಬೇಕಾದರೆ ಆ ವಸ್ತುವಿನ ಒಳರಚನೆಯನ್ನು ಸ್ವಲ್ಪ ನೋಡಬೇಕು.

ಎರಡು ಉಂಗುರ, ಒಂದು ಸೇತುವೆ

ಇಂಗಾಲದ ಒಂದು ಪರಮಾಣು ಆಮ್ಲಜನಕದ ಒಂದು ಪರಮಾಣುವನ್ನು ಜೋಡಿ ಬಂಧದಿಂದ ಹಿಡಿದುಕೊಂಡು, ತನ್ನ ಉಳಿದೆರಡು ಕೈಗಳಿಂದ ಇಂಗಾಲದ ಬೇರೆ ಎರಡು ಗುಂಪುಗಳನ್ನು ಹಿಡಿದಿದ್ದರೆ ಅಂಥ ವಸ್ತುವಿಗೆ ಕೀಟೋನ್ ಎಂದು ಹೆಸರು. ಉಗುರುಬಣ್ಣವನ್ನು ಅಳಿಸುವ ಅಸಿಟೋನ್ ಇವುಗಳಲ್ಲಿ ಅತ್ಯಂತ ಸರಳವಾದದ್ದು. ಹಿಡಿದ ಗುಂಪುಗಳಲ್ಲಿ ಒಂದು ಬೆಂಜೀನ್ ಉಂಗುರವಾದರೆ, ಇನ್ನೊಂದು ಸಣ್ಣ ಮೀಥೈಲ್ ಗುಂಪಾದರೆ, ಅದು ಅಸಿಟೋಫೀನೋನ್; ಎರಡೂ ಬೆಂಜೀನ್ ಉಂಗುರಗಳೇ ಆದರೆ ಅದು ಬೆಂಜೋಫೀನೋನ್. ಎರಡು ಉಂಗುರಗಳ ನಡುವೆ ಇಂಗಾಲ–ಆಮ್ಲಜನಕದ ಜೋಡಿ ಸೇತುವೆಯಂತೆ ನಿಂತಿದೆಯೆಂದು ಭಾವಿಸಿದರೆ ಸಾಕು. ಅಣುವೊಂದರಲ್ಲಿ ಇಂಗಾಲದ ಹದಿಮೂರು, ಜಲಜನಕದ ಹತ್ತು, ಆಮ್ಲಜನಕದ ಒಂದು ಪರಮಾಣುಗಳಿವೆ.

ನೋಟಕ್ಕೆ ಇದು ಬಿಳಿಯ ಹರಳು. ವಾಸನೆ ಜೆರೇನಿಯಂ ಗಿಡದ ಎಲೆಯನ್ನು ಹೊಸಕಿದಾಗ ಬರುವಂಥ ತೆಳುಕಂಪು. ಹೀಗಾಗಿ ಸುಗಂಧವರ್ಗವೆಂಬ ಹೆಸರಿಗೆ ಇದು ಮಾತ್ರ ತಕ್ಕಮಟ್ಟಿಗೆ ನ್ಯಾಯ ಸಲ್ಲಿಸುತ್ತದೆ. ನೀರಿನಲ್ಲಿ ಕರಗದು, ಮದ್ಯಸಾರ, ಈಥರ್, ಬೆಂಜೀನ್ ಇವುಗಳಲ್ಲಿ ಸುಲಭವಾಗಿ ಕರಗುತ್ತದೆ. ಸುಮಾರು ೪೮ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಕರಗಿ, ೩೦೫ ಡಿಗ್ರಿಯಲ್ಲಿ ಕುದಿಯುತ್ತದೆ. ಸ್ವಾರಸ್ಯವೇನೆಂದರೆ, ಇದೇ ವಸ್ತುವಿಗೆ ಮತ್ತೊಂದು ಹರಳಿನ ರೂಪವೂ ಉಂಟು. ಅಣು ಅದೇ, ಜೋಡಣೆಯಷ್ಟೇ ಬೇರೆ. ಆ ಅಸ್ಥಿರ ರೂಪ ಸುಮಾರು ೨೬ ಡಿಗ್ರಿಗೇ ಕರಗಿಬಿಡುತ್ತದೆ. ಬೆಂಗಳೂರಿನ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಒಂದು ರೂಪ ಗಟ್ಟಿ ಹರಳಾಗಿಯೂ ಇನ್ನೊಂದು ದ್ರವವಾಗಿಯೂ ಇರುವುದೆಂದಾಯಿತು.

ಹಿಂದೆ ಬೆಂಜಾಯಿಕ್ ಆಮ್ಲದ ಸುಣ್ಣದ ಲವಣವನ್ನು ಒಣದಾಗಿಯೇ ಕಾಯಿಸಿ ಇದನ್ನು ಪಡೆಯುತ್ತಿದ್ದರು. ಫ್ರಾನ್ಸಿನ ಫ್ರೀಡೆಲ್ ಮತ್ತು ಅಮೆರಿಕದ ಕ್ರಾಫ್ಟ್ಸ್ ಎಂಬ ವಿಜ್ಞಾನಿಗಳು ೧೮೭೭ರಲ್ಲಿ ಪ್ರಕಟಿಸಿದ ಕ್ರಮದಿಂದ, ಅಲ್ಯೂಮಿನಿಯಂ ಕ್ಲೋರೈಡಿನ ನೆರವಿನಲ್ಲಿ ಬೆಂಜೀನನ್ನೂ ಬೆಂಜಾಯಿಲ್ ಕ್ಲೋರೈಡನ್ನೂ ಕೂಡಿಸಿ ಪಡೆಯುವುದು ಸುಲಭವಾಯಿತು. ಡೈಫೀನೈಲ್‌ಮೀಥೇನ್ ಎಂಬ ವಸ್ತುವನ್ನು ಗಾಳಿಯಿಂದ ಉತ್ಕರ್ಷಿಸಿಯೂ ಕಾರ್ಖಾನೆಗಳು ಇದನ್ನು ತಯಾರಿಸುತ್ತವೆ.

ಮಾಳಿಗೆಯ ಮೇಲಿನ ಸೀಸೆಗಳು

ಈ ಹರಳಿನ ನಿಜವಾದ ಗುಣ ಬೆಳಕಿಗೆ ಬಂದದ್ದು ಬೆಳಕಿನಿಂದಲೇ. ಇಟಲಿಯ ಬೊಲೋನ್ಯ ವಿಶ್ವವಿದ್ಯಾಲಯದಲ್ಲಿ ಜಾಕೊಮೊ ಚಾಮಿಚಿಯನ್ ಎಂಬ ಪ್ರಾಧ್ಯಾಪಕರಿದ್ದರು. ೧೮೫೭ರಲ್ಲಿ ತ್ರಿಯೆಸ್ತೆ ನಗರದಲ್ಲಿ ಹುಟ್ಟಿದ ಇವರು ಆರ್ಮೇನಿಯ ಮೂಲದ ಮನೆತನದವರು. ಬೆಂಕಿಯ ಒಲೆಯ ಬದಲು ಸೂರ್ಯನಿಂದಲೇ ರಾಸಾಯನಿಕ ಕ್ರಿಯೆಗಳನ್ನು ಮಾಡಿಸಲು ಸಾಧ್ಯವೇ ಎಂಬುದು ಇವರನ್ನು ಕಾಡಿದ ಪ್ರಶ್ನೆ. ಸಹೋದ್ಯೋಗಿ ಪಾವೊಲೊ ಸಿಲ್ಬರ್ ಅವರೊಡಗೂಡಿ ನಾನಾ ದ್ರವ್ಯಗಳನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಾಯಿ ಬೆಸೆದು, ಪ್ರಯೋಗಶಾಲೆಯ ಮಾಳಿಗೆಯ ಮೇಲೆ ಸಾಲುಸಾಲಾಗಿ ಬಿಸಿಲಿಗಿಟ್ಟರು. ೧೯೦೦ರಲ್ಲಿ ಅವರು ಪ್ರಕಟಿಸಿದ ಒಂದು ಫಲಿತಾಂಶ ಹೀಗಿತ್ತು: ಬೆಂಜೋಫೀನೋನನ್ನು ಮದ್ಯಸಾರದಲ್ಲಿ ಕರಗಿಸಿ ಬಿಸಿಲಿನಲ್ಲಿಟ್ಟರೆ, ಯಾವ ಆಮ್ಲವನ್ನೂ ಲೋಹವನ್ನೂ ಹಾಕದೆಯೇ, ಬೆಂಜೋಪಿನಕಾಲ್ ಎಂಬ ಹೊಸ ವಸ್ತುವಿನ ಹರಳುಗಳು ಸೀಸೆಯಲ್ಲಿ ಮೂಡುತ್ತವೆ. ಕತ್ತಲಲ್ಲಿಟ್ಟ ದ್ರಾವಣದಲ್ಲಿ ಏನೂ ಆಗುವುದಿಲ್ಲ.

ಇದೇ ಚಾಮಿಚಿಯನ್ ೧೯೧೨ರಲ್ಲಿ ನ್ಯೂಯಾರ್ಕಿನಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಉಪನ್ಯಾಸ ಮಾಡಿ, ಕಲ್ಲಿದ್ದಲು ಒಂದು ದಿನ ಮುಗಿಯುವಂಥದೆಂದೂ, ಮರುಭೂಮಿಗಳಲ್ಲಿ ಹೊಗೆಯಿಲ್ಲದ, ಚಿಮಣಿಯಿಲ್ಲದ ಗಾಜಿನ ಕಾರ್ಖಾನೆಗಳು ಬಿಸಿಲಿನಿಂದಲೇ ನಡೆಯಬೇಕೆಂದೂ ಸಾರಿದರು. ಜಗತ್ತು ಆ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಲು ಇನ್ನೂ ಅರ್ಧಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.

ಹಸಿದ ಆಮ್ಲಜನಕ

ಆ ಸೀಸೆಯೊಳಗೆ ನಡೆದದ್ದೇನು? ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣುವ ಏಳು ಬಣ್ಣಗಳಲ್ಲದೆ, ನೇರಿಳೆಯ ಆಚೆಗೆ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳೂ ಇವೆ. ಬೆಂಜೋಫೀನೋನಿನ ಸೇತುವೆ ಈ ಕಿರಣಗಳನ್ನು ಹೀರಿಕೊಳ್ಳಬಲ್ಲದು. ಹೀರಿದೊಡನೆ ಆಮ್ಲಜನಕದ ಮೇಲಿದ್ದ ಇಲೆಕ್ಟ್ರಾನುಗಳ ಜೋಡಿಯೊಂದರಲ್ಲಿ ಒಂದು ಇಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಜಿಗಿಯುತ್ತದೆ. ಸಾಮಾನ್ಯ ಅಣುಗಳಲ್ಲಿ ಹೀಗೆ ಜಿಗಿದ ಇಲೆಕ್ಟ್ರಾನು ಬಹುಬೇಗ ಹಿಂದಿರುಗಿ ತನ್ನ ಜೋಡಿಯನ್ನು ಸೇರಿಬಿಡುತ್ತದೆ. ಬೆಂಜೋಫೀನೋನಿನಲ್ಲಾದರೋ, ಸೆಕೆಂಡಿನ ಸುಮಾರು ಹತ್ತು ಸಾವಿರ ಕೋಟಿಯ ಒಂದಂಶದಷ್ಟು ಅಲ್ಪಕಾಲದಲ್ಲಿ ಆ ಇಲೆಕ್ಟ್ರಾನು ತನ್ನ ಭ್ರಮಣದ ದಿಕ್ಕನ್ನೇ ಬದಲಿಸಿಕೊಳ್ಳುತ್ತದೆ. ಒಂದೇ ದಿಕ್ಕಿಗೆ ಭ್ರಮಿಸುವ ಎರಡು ಇಲೆಕ್ಟ್ರಾನುಗಳು ಒಂದೇ ಮನೆಯಲ್ಲಿ ಇರಲಾರವು. ಇದು ಪ್ರಕೃತಿಯ ನಿಯಮ. ಹೀಗಾಗಿ ಮರಳುವ ದಾರಿ ಮುಚ್ಚಿದಂತಾಗಿ, ಅಣು ತಾನು ಉಂಡ ಬೆಳಕಿನ ಶಕ್ತಿಯನ್ನು ಹೊತ್ತು ಬಹುಕಾಲ ಹಾಗೆಯೇ ನಿಲ್ಲುತ್ತದೆ. ಬಹುಕಾಲವೆಂದರೆ ಅಣುಗಳ ಗಡಿಯಾರದಲ್ಲಿ. ನಮ್ಮ ಗಡಿಯಾರದಲ್ಲಿ ಅದು ಸೆಕೆಂಡಿನ ಲಕ್ಷಾಂಶಗಳ ಲೆಕ್ಕ. ಈ ಸ್ಥಿತಿಗೆ ‘ಟ್ರಿಪ್ಲೆಟ್’ ಸ್ಥಿತಿಯೆಂದು ಹೆಸರು. ಹೀರಿದ ಬಹುತೇಕ ಅಣುಗಳೆಲ್ಲವೂ ತಪ್ಪದೆ ಈ ಸ್ಥಿತಿಯನ್ನು ಸೇರುವುದೇ ಬೆಂಜೋಫೀನೋನಿನ ವೈಶಿಷ್ಟ್ಯ.

ಈ ಸ್ಥಿತಿಯಲ್ಲಿ ಅದರ ಆಮ್ಲಜನಕ ಹಸಿದವನಂತೆ ವರ್ತಿಸುತ್ತದೆ. ಪಕ್ಕದಲ್ಲಿ ಸಿಕ್ಕಿದ ಅಣುವಿನಿಂದ ಜಲಜನಕದ ಪರಮಾಣುವೊಂದನ್ನು ಕಿತ್ತುಕೊಳ್ಳುತ್ತದೆ. ಬೊಲೋನ್ಯದ ಸೀಸೆಯಲ್ಲಿ ಹಾಗೆ ಸುಲಿಗೆಗೊಳಗಾದದ್ದು ಮದ್ಯಸಾರ. ಕಿತ್ತುಕೊಂಡ ಎರಡು ಅರೆಯಣುಗಳು ಒಂದನ್ನೊಂದು ಹಿಡಿದುಕೊಂಡು ಬೆಂಜೋಪಿನಕಾಲ್ ಆದವು. ಕಿತ್ತುಕೊಳ್ಳದೆ ಶಕ್ತಿಯನ್ನು ಹಾಗೆಯೇ ನೆರೆಯ ಅಣುವಿಗೆ ದಾಟಿಸುವುದೂ ಉಂಟು. ೧೯೫೨ರಲ್ಲಿ ಸೋವಿಯತ್ ವಿಜ್ಞಾನಿಗಳಾದ ತೆರೆನಿನ್ ಮತ್ತು ಎರ್ಮೊಲಾಯೆವ್ ಬೆಂಜೋಫೀನೋನ್ ಹೀರಿದ ಬೆಳಕು ನ್ಯಾಫ್ತಲೀನಿನಿಂದ ಹೊರಹೊಮ್ಮುವುದನ್ನು ತೋರಿಸಿದರು. ಉಂಡವನು ಒಬ್ಬ, ತೇಗಿದವನು ಮತ್ತೊಬ್ಬ!

ರೆಪ್ಪೆ ಬಡಿಯುವಷ್ಟರಲ್ಲಿ ಒಣಗುವ ಮಸಿ

ಈ ಹಸಿವನ್ನೇ ಮನುಷ್ಯ ದುಡಿಸಿಕೊಂಡ. ಹಳೆಯ ಮುದ್ರಣಮಸಿ ಗಾಳಿಗೆ ಆರಿ ಒಣಗಬೇಕಾಗಿತ್ತು; ಅದರಲ್ಲಿದ್ದ ಎಣ್ಣೆಯೋ ದ್ರಾವಕವೋ ಕಾಗದಕ್ಕೆ ಇಂಗುವ ತನಕ, ಇಲ್ಲವೆ ಆವಿಯಾಗಿ ಹೋಗುವ ತನಕ ಕಾಯಬೇಕಾಗಿತ್ತು. ಈಗ ರಟ್ಟಿನ ಪೆಟ್ಟಿಗೆ, ಚೀಟಿ ಮೊದಲಾದವುಗಳ ಮುದ್ರಣದಲ್ಲಿ ಬೇರೊಂದು ಉಪಾಯವುಂಟು. ಮಸಿಯಲ್ಲಿ ಸರಪಣಿಯಾಗಿ ಕೂಡಬಲ್ಲ ಸಣ್ಣ ಅಣುಗಳನ್ನೂ, ಜಲಜನಕವನ್ನು ಸುಲಭವಾಗಿ ಬಿಟ್ಟುಕೊಡುವ ಅಮೈನ್ ಎಂಬ ಜಾತಿಯ ವಸ್ತುವನ್ನೂ, ಜೊತೆಗೆ ಸ್ವಲ್ಪ ಬೆಂಜೋಫೀನೋನನ್ನೂ ಬೆರೆಸಿರುತ್ತಾರೆ. ಮುದ್ರಿತ ಹಾಳೆ ಅತಿನೇರಿಳೆ ದೀಪದ ಕೆಳಗೆ ಹಾದುಹೋದೊಡನೆ ಬೆಂಜೋಫೀನೋನ್ ಅಮೈನಿನಿಂದ ಜಲಜನಕವನ್ನು ಕೀಳುತ್ತದೆ. ಕಳೆದುಕೊಂಡ ಅಮೈನು ನೆರೆಯ ಸಣ್ಣ ಅಣುವಿನ ಮೇಲೆ ಬೀಳುತ್ತದೆ. ಅದು ಮುಂದಿನದರ ಮೇಲೆ. ಹೀಗೆ ಸರಪಣಿ ಬೆಳೆದು, ರೆಪ್ಪೆ ಬಡಿಯುವಷ್ಟರಲ್ಲಿ ದ್ರವ ಗಟ್ಟಿಯಾದ ಪೊರೆಯಾಗುತ್ತದೆ. ಮರದ ಸಾಮಾನುಗಳ ಮೆರುಗೆಣ್ಣೆಯನ್ನೂ ಇದೇ ತತ್ತ್ವದಿಂದ ಒಣಗಿಸುತ್ತಾರೆ. ಆವಿಯಾಗಿ ಹಾರಿ ಕೆಲಸಗಾರರ ಶ್ವಾಸಕೋಶವನ್ನು ಸೇರುವ ದ್ರಾವಕ ಇದರಲ್ಲಿ ಬೇಕಾಗದೆಂಬುದು ದೊಡ್ಡ ಲಾಭ.

ಆದರೆ ಕೆಲಸ ಮುಗಿದ ಮೇಲೂ ಉಳಿದ ಬೆಂಜೋಫೀನೋನ್ ಎಲ್ಲಿಗೆ ಹೋಗಬೇಕು? ಸಣ್ಣ ಅಣುವಾದ್ದರಿಂದ ಅದು ಮೆಲ್ಲಮೆಲ್ಲನೆ ರಟ್ಟನ್ನು ದಾಟಿ ಒಳಗಿನ ಆಹಾರವನ್ನು ಸೇರಬಲ್ಲದು. ೨೦೦೯ರ ಫೆಬ್ರವರಿಯಲ್ಲಿ ಯುರೋಪಿನಲ್ಲಿ ಬೆಳಗಿನ ಉಪಾಹಾರದ ಧಾನ್ಯದ ಪೊಟ್ಟಣಗಳಲ್ಲಿ ಇದರ ಬಂಧುವಾದ ಮೀಥೈಲ್ ಬೆಂಜೋಫೀನೋನ್ ಕಂಡುಬಂದು ಕೋಲಾಹಲವಾಯಿತು. ಅದು ಬಂದದ್ದು ಹೊರಪೆಟ್ಟಿಗೆಯ ಮಸಿಯಿಂದ. ಅದೇ ವರ್ಷ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ, ಮನುಷ್ಯನ ತೂಕದ ಪ್ರತಿ ಕಿಲೋಗ್ರಾಮಿಗೆ ದಿನವೊಂದಕ್ಕೆ ೦.೦೩ ಮಿಲಿಗ್ರಾಮಿನವರೆಗೆ ಬೆಂಜೋಫೀನೋನ್ ಸಹ್ಯವೆಂದು ಮಿತಿಯಿಟ್ಟಿತು. ಇಲಿ, ಹೆಗ್ಗಣಗಳಿಗೆ ದೀರ್ಘಕಾಲ ತಿನ್ನಿಸಿದ ಪ್ರಯೋಗಗಳ ಆಧಾರದಿಂದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೧೩ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡಬಹುದಾದ ವಸ್ತುಗಳ ಪಟ್ಟಿಗೆ ಸೇರಿಸಿತು. ‘ಮಾಡುತ್ತದೆ’ ಎನ್ನುವುದಕ್ಕೂ ‘ಮಾಡಬಹುದು’ ಎನ್ನುವುದಕ್ಕೂ ಇರುವ ಅಂತರವನ್ನು ಇಲ್ಲಿ ಮರೆಯಬಾರದು. ೨೦೧೮ರಲ್ಲಿ ಅಮೆರಿಕದ ಸರ್ಕಾರ ಆಹಾರಕ್ಕೆ ಪರಿಮಳದ್ರವ್ಯವಾಗಿ ಇದನ್ನು ಸೇರಿಸಲು ಇದ್ದ ಅನುಮತಿಯನ್ನು ಹಿಂದೆಗೆದುಕೊಂಡಿತು.

ಕತ್ತಿ ಗುರಾಣಿಯಾದ ಬಗೆ

ಇಷ್ಟು ಹಸಿದ ಅಣುವನ್ನು ಚರ್ಮದ ಮೇಲೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಗತಿಯೇನು? ಬರಿಯ ಬೆಂಜೋಫೀನೋನನ್ನು ಯಾರೂ ಹಾಗೆ ಹಚ್ಚುವುದಿಲ್ಲ. ಬಿಸಿಲಿನ ಲೇಪಗಳಲ್ಲಿ ಬಳಸುವುದು ಆಕ್ಸಿಬೆಂಜೋನ್ ಎಂಬ ಬಂಧುವನ್ನು. ಇದರಲ್ಲಿ ಉಂಗುರವೊಂದರ ಮೇಲೆ, ಸೇತುವೆಯ ಆಮ್ಲಜನಕಕ್ಕೆ ತೀರ ಹತ್ತಿರದಲ್ಲಿ, ಆಮ್ಲಜನಕ ಮತ್ತು ಜಲಜನಕ ಕೂಡಿದ ಒಂದು ಸಣ್ಣ ಗುಂಪು ಜೋಡಿಕೊಂಡಿದೆ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಫಲಿತಾಂಶ ಮಾತ್ರ ಅಗಾಧ.

ಬೆಳಕನ್ನು ಹೀರಿ ಹಸಿದ ಸೇತುವೆಯ ಆಮ್ಲಜನಕಕ್ಕೆ ಕೈಯಳತೆಯಲ್ಲಿಯೇ ಒಂದು ಜಲಜನಕ ದೊರೆಯಿತು. ಅದನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ಮರುಕ್ಷಣದಲ್ಲಿ ಹಿಂದಕ್ಕೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಬೆಳಕಿನ ಶಕ್ತಿಯೆಲ್ಲ ಶಾಖವಾಗಿ ಹರಡಿಹೋಗಿ, ಅಣು ಮೊದಲಿನಂತಾಗಿ, ಮತ್ತೊಂದು ಕಿರಣವನ್ನು ಹೀರಲು ಸಿದ್ಧವಾಗುತ್ತದೆ. ಮನೆಯಲ್ಲಿಯೇ ಊಟ ಸಿಕ್ಕಿದವನು ನೆರೆಮನೆಯ ಬಾಗಿಲು ತಟ್ಟುವನೇ? ಅತಿನೇರಿಳೆ ಕಿರಣಗಳಿಂದ ಸುಟ್ಟು ಕೆಂಪಾಗಬೇಕಾದ ಚರ್ಮ ಹೀಗೆ ಉಳಿಯುತ್ತದೆ. ಇದೇ ಜಾತಿಯ ವಸ್ತುಗಳನ್ನು ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಅದು ಬಿಸಿಲಿನಲ್ಲಿ ಬೇಗ ಬಿರುಕುಬಿಡದು. ಸೀಸೆಯೊಳಗಿನ ಪರಿಮಳದ್ರವ್ಯದ ಬಣ್ಣವೂ ಮಾಸದು.

ಮುಲಾಮಿನ ಎಚ್ಚರಿಕೆಯೂ ಈ ಲೆಕ್ಕದಿಂದಲೇ ಅರ್ಥವಾಗುತ್ತದೆ. ಕೀಲುನೋವಿಗೆ ಹಚ್ಚುವ ಕೀಟೊಪ್ರೊಫೆನ್ ಎಂಬ ಔಷಧದ ಅಣುವಿನಲ್ಲಿ ಬೆಂಜೋಫೀನೋನಿನ ಚೌಕಟ್ಟೇ ಅಡಗಿದೆ; ಆದರೆ ಮನೆಯೂಟದ ಆ ಜಲಜನಕ ಅದರಲ್ಲಿಲ್ಲ. ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದಾಗ ಕೆಲವರ ಚರ್ಮದಲ್ಲಿ ಗುಳ್ಳೆಗಳೇಳುವುದುಂಟು. ಈ ಕಾರಣದಿಂದ ೨೦೧೦ರಲ್ಲಿ ಯುರೋಪಿನ ಔಷಧ ಸಂಸ್ಥೆ, ಇದನ್ನು ವೈದ್ಯರ ಚೀಟಿಯ ಮೇಲೆಯೇ ಕೊಡಬೇಕೆಂದೂ, ಹಚ್ಚುವಷ್ಟು ದಿನ ಮಾತ್ರವಲ್ಲದೆ ಅನಂತರವೂ ಎರಡು ವಾರ ಆ ಜಾಗವನ್ನು ಬಿಸಿಲಿಗೆ ಒಡ್ಡಬಾರದೆಂದೂ ಸಲಹೆ ಮಾಡಿತು. ಮುಲಾಮು ಬಳಸುವವರು ನೆನಪಿನಲ್ಲಿಡತಕ್ಕ ಮಾತಿದು.

ಗುರಾಣಿ ಮತ್ತೆ ಕತ್ತಿಯಾದ ಕಥೆ

ಮೈಗೆ ಹಚ್ಚಿದ ಲೇಪ ಈಜುವವರ ಮೈಯಿಂದ ತೊಳೆದು ಕಡಲನ್ನು ಸೇರುತ್ತದೆ. ಆಕ್ಸಿಬೆಂಜೋನ್ ಹವಳದ ಮರಿಗಳಿಗೆ ಹಾನಿಕರವೆಂದು ೨೦೧೫ರಲ್ಲಿ ಒಂದು ವರದಿ ಬಂದಿತು. ಹವಳದ ದಿಬ್ಬಗಳನ್ನೇ ನಂಬಿದ ದ್ವೀಪಗಳು ಚಿಂತೆಗೊಳಗಾದವು. ಪಲಾವು ದೇಶದಲ್ಲಿ ೨೦೨೦ರ ಜನವರಿಯಿಂದಲೂ, ಹವಾಯಿಯಲ್ಲಿ ೨೦೨೧ರ ಜನವರಿಯಿಂದಲೂ ಈ ವಸ್ತುವಿರುವ ಲೇಪಗಳ ಮಾರಾಟಕ್ಕೆ ನಿಷೇಧ ಬಂದಿತು. ಆದರೆ ಒಂದು ಒಗಟು ಉಳಿದಿತ್ತು: ಮನುಷ್ಯನ ಚರ್ಮದ ಮೇಲೆ ಬೆಳಕಿನ ಶಕ್ತಿಯನ್ನು ಶಾಖವಾಗಿ ಹರಡುವ ಸಾಧುವಸ್ತು ಕಡಲಿನ ಜೀವಿಗೆ ಮಾತ್ರ ಏಕೆ ಕ್ರೂರವಾಗಬೇಕು?

ಉತ್ತರ ೨೦೨೨ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಂದಿತು. ಅಲ್ಲಿನ ಸಂಶೋಧಕರು ಹವಳದ ಹತ್ತಿರದ ನೆಂಟನಾದ, ಹೂವಿನಾಕಾರದ ‘ಅನಿಮೋನ್’ ಎಂಬ ಕಡಲ ಪ್ರಾಣಿಯನ್ನು ತೊಟ್ಟಿಗಳಲ್ಲಿ ಸಾಕಿ ನೋಡಿದರು. ಆಕ್ಸಿಬೆಂಜೋನ್ ಬೆರೆಸಿದ ನೀರಿನಲ್ಲಿ ಅತಿನೇರಿಳೆ ಕಿರಣಗಳಿಲ್ಲದೆ ಬೆಳೆದವು ಬದುಕಿದವು. ಅದೇ ನೀರಿನಲ್ಲಿ ಬಿಸಿಲಿನಂಥ ಬೆಳಕು ಬಿದ್ದವು ಹದಿನೇಳು ದಿನಗಳೊಳಗೆ ಸತ್ತವು. ವಿಷವಾದದ್ದು ಬರಿಯ ವಸ್ತುವಲ್ಲ, ಬೆಳಕನ್ನುಂಡ ವಸ್ತು. ಪ್ರಾಣಿಗಳ ದೇಹ ಬೇಡದ ವಸ್ತುಗಳನ್ನು ನೀರಿನಲ್ಲಿ ಕರಗಿಸಿ ಹೊರಹಾಕಲು ಅವಕ್ಕೆ ಸಕ್ಕರೆಯನ್ನೋ ಮತ್ತಾವುದನ್ನೋ ಅಂಟಿಸುವುದುಂಟು. ಅನಿಮೋನ್ ಆಕ್ಸಿಬೆಂಜೋನಿಗೆ ಗ್ಲೂಕೋಸನ್ನು ಅಂಟಿಸಿತ್ತು. ಅಂಟಿಸಿದ್ದು ಆ ಜಲಜನಕವಿದ್ದ ಜಾಗದಲ್ಲಿಯೇ! ಮನೆಯ ಊಟ ತಪ್ಪಿತು. ಹಸಿದ ಆಮ್ಲಜನಕ ಮತ್ತೆ ನೆರೆಮನೆಗೆ ನುಗ್ಗಿತು. ಗುರಾಣಿ ಕತ್ತಿಯಾಯಿತು.

ಇನ್ನೊಂದು ವಿಷಯವನ್ನೂ ಅವರು ಕಂಡರು. ಹವಳದ ಒಡಲಲ್ಲಿ ವಾಸಿಸುವ ಸೂಕ್ಷ್ಮ ಪಾಚಿಗಳು ಈ ಸಕ್ಕರೆ ಅಂಟಿದ ವಸ್ತುವನ್ನು ತಮ್ಮಲ್ಲಿಯೇ ಶೇಖರಿಸಿಟ್ಟು ಆಶ್ರಯದಾತನನ್ನು ಕೆಲಮಟ್ಟಿಗೆ ಕಾಪಾಡುತ್ತವೆ. ಕಡಲು ಕಾದು ಪಾಚಿಗಳು ಓಡಿಹೋಗಿ ಬಿಳಚಿದ ಹವಳಕ್ಕೆ ಆ ರಕ್ಷಣೆಯೂ ಇಲ್ಲ. ತೊಟ್ಟಿಯಲ್ಲಿ ಬಳಸಿದ ಪ್ರಮಾಣ ತೆರೆದ ಕಡಲಿನಲ್ಲಿ ಸಾಮಾನ್ಯವಾಗಿ ಕಾಣುವುದಕ್ಕಿಂತ ಹೆಚ್ಚಿನದು. ಹವಳಗಳ ಪರಮಶತ್ರು ಈಗಲೂ ಕಡಲಿನ ಏರುತ್ತಿರುವ ಉಷ್ಣತೆಯೇ. ಆದರೂ ಬಿಳಚಿದ ಹವಳವೇ ಹೆಚ್ಚು ಅಪಾಯಕ್ಕೊಳಗಾಗುವುದೆಂಬುದು ಯೋಚಿಸತಕ್ಕ ಮಾತು. ಲಕ್ಷದ್ವೀಪ, ಅಂಡಮಾನಗಳಲ್ಲಿ ಮಾತ್ರವಲ್ಲ, ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅಲ್ಲಿ ಮುಳುಗುಹಾಕಲು ಹೋಗುವವರು ಉದ್ದ ತೋಳಿನ ಈಜುಡುಗೆಯನ್ನು ಧರಿಸಿದರೆ ಲೇಪದ ಬಹುಪಾಲು ಅಗತ್ಯವೇ ತಪ್ಪುತ್ತದೆ.

ಬಣ್ಣ, ಬಿಲ್ಲೆ, ಮುರುಗಲು

ಬೆಳಕಿನ ಗೊಡವೆಯಿಲ್ಲದ ಉಪಯೋಗಗಳೂ ಈ ವಂಶಕ್ಕೆ ಅನೇಕ. ೧೮೮೩ರಲ್ಲಿ ಕೆರ್ನ್ ಮತ್ತು ಕಾರೊ ಎಂಬ ರಸಾಯನಶಾಸ್ತ್ರಜ್ಞರು ‘ಮಿಖ್ಲರ್ ಕೀಟೋನ್’ ಎಂಬ ಬೆಂಜೋಫೀನೋನಿನ ಬಂಧುವಿನಿಂದ ಕ್ರಿಸ್ಟಲ್ ವಯಲೆಟ್ ಎಂಬ ಗಾಢ ನೇರಿಳೆ ಬಣ್ಣವನ್ನು ತಯಾರಿಸಿದರು. ಹುಣ್ಣು, ಗಾಯಗಳಿಗೆ ಹಚ್ಚುತ್ತಿದ್ದ ನೇರಿಳೆ ಔಷಧವೂ, ರೋಗಾಣುಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸಲು ಬಳಸುವ ಬಣ್ಣವೂ ಇದೇ. ಎರಡು ಫ್ಲೂರಿನ್ ಪರಮಾಣುಗಳನ್ನು ಹೊತ್ತ ಇನ್ನೊಂದು ಬಂಧುವಿನಿಂದ ‘ಪೀಕ್’ ಎಂಬ ಪ್ಲಾಸ್ಟಿಕ್ ಹುಟ್ಟುತ್ತದೆ. ೩೪೩ ಡಿಗ್ರಿಯವರೆಗೆ ಕರಗದ ಇದನ್ನು ವಿಮಾನದ ಭಾಗಗಳಿಗೂ ಬೆನ್ನೆಲುಬಿನ ನಡುವೆ ಇಡುವ ಬಿಲ್ಲೆಗಳಿಗೂ ಬಳಸುತ್ತಾರೆ.

ಪ್ರಯೋಗಶಾಲೆಯಲ್ಲಿ ಈಥರಿನಂಥ ದ್ರಾವಕ ನಿಜವಾಗಿ ಒಣಗಿದೆಯೇ ಎಂದು ತಿಳಿಯಲು ಸೋಡಿಯಂ ಚೂರನ್ನೂ ಬೆಂಜೋಫೀನೋನನ್ನೂ ಹಾಕುವ ರೂಢಿಯಿತ್ತು. ನೀರು, ಗಾಳಿ ಎರಡೂ ಇಲ್ಲದಿದ್ದರೆ ದ್ರಾವಣ ಕಡುನೀಲಿಗೆ ತಿರುಗುತ್ತದೆ. ತುಸು ತೇವ ಬಂದರೂ ನೀಲಿ ಮಾಯವಾಗುತ್ತದೆ. ಸೋಡಿಯಂ ಬೆಂಕಿಗೆ ಆಹ್ವಾನವಾದ್ದರಿಂದ ಹಲವು ಪ್ರಯೋಗಶಾಲೆಗಳು ಈ ಪದ್ಧತಿಯನ್ನು ಕೈಬಿಟ್ಟಿವೆ.

ಮನುಷ್ಯನಿಗೆ ಮೊದಲೇ ಸಸ್ಯಗಳು ಈ ಚೌಕಟ್ಟನ್ನು ಕಟ್ಟಲು ಕಲಿತಿದ್ದವು. ನಮ್ಮ ಮಲೆನಾಡು, ಕರಾವಳಿಗಳ ಮುರುಗಲು, ದಕ್ಷಿಣ ಕನ್ನಡದವರ ಪುನರ್ಪುಳಿ, ಯಾರಿಗೆ ತಿಳಿಯದು? ಅದರ ಶರಬತ್ತಿನ ಕೆಂಪು ಬೇರೊಂದು ವಸ್ತುವಿನದು. ಆದರೆ ಹಣ್ಣಿನ ಸಿಪ್ಪೆಯಲ್ಲಿ ಗಾರ್ಸಿನಾಲ್ ಎಂಬ ಹಳದಿ ದ್ರವ್ಯವೊಂದಿದೆ. ಅದು ಬೆಂಜೋಫೀನೋನಿನ ವಂಶದ್ದೇ. ಹಿಪ್ಪುನೇರಿಳೆಯ ಕುಟುಂಬಕ್ಕೆ ಸೇರಿದ ಅಮೆರಿಕದ ಮರವೊಂದರ ಬಣ್ಣದ ಕಟ್ಟಿಗೆಯಲ್ಲಿಯೂ ಮ್ಯಾಕ್ಲುರಿನ್ ಎಂಬ ಇದೇ ಜಾತಿಯ ವಸ್ತುವಿದೆ.

ಹೆಸರಲ್ಲ, ನೆಲೆ ಮುಖ್ಯ

ಒಂದೇ ಚೌಕಟ್ಟು ಮಸಿಯಲ್ಲಿ ದುಡಿಮೆಗಾರ, ಚರ್ಮದ ಮೇಲೆ ಕಾವಲುಗಾರ, ಅನಿಮೋನಿನ ಒಡಲಲ್ಲಿ ಕೊಲೆಗಾರ. ಇವುಗಳ ನಡುವಿನ ಅಂತರ ಜಲಜನಕದ ಒಂದೇ ಒಂದು ಪರಮಾಣು ಎಲ್ಲಿ ಕುಳಿತಿದೆ ಎಂಬುದು. ಆದುದರಿಂದ ಒಂದು ರಾಸಾಯನಿಕದ ಹೆಸರನ್ನು ಕೇಳಿದೊಡನೆ ಒಳ್ಳೆಯದೆಂದೋ ಕೆಟ್ಟದೆಂದೋ ತೀರ್ಪು ಕೊಡುವುದು ತರವಲ್ಲ. ಅದು ಎಲ್ಲಿದೆ, ಎಷ್ಟಿದೆ, ಅದರ ಮೇಲೆ ಬೆಳಕು ಬೀಳುವುದೇ, ಅದರ ನೆರೆಯಲ್ಲಿ ಯಾರಿದ್ದಾರೆ, ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ, ಈ ಪ್ರಶ್ನೆಗಳನ್ನು ಕೇಳಬೇಕು. ಯುರೋಪಿನ ಒಕ್ಕೂಟ ೨೦೨೨ರಲ್ಲಿ ಆಕ್ಸಿಬೆಂಜೋನನ್ನು ಪೂರ್ತಿ ನಿಷೇಧಿಸದೆ, ಮುಖ, ಕೈ, ತುಟಿಗಳ ಲೇಪದಲ್ಲಿ ನೂರಕ್ಕೆ ೬ರಷ್ಟು, ಇಡೀ ಮೈಗೆ ಹಚ್ಚುವ ಲೇಪದಲ್ಲಿ ನೂರಕ್ಕೆ ೨.೨ರಷ್ಟು ಎಂದು ಬೇರೆಬೇರೆ ಮಿತಿಗಳನ್ನಿಟ್ಟದ್ದು ಇಂಥ ವಿವೇಚನೆಯಿಂದಲೇ.

ಗೃಹಸ್ಥರಿಗೆ ಉಪಯೋಗವಾಗುವ ಒಂದು ಮಾತು ಕೊನೆಗೆ. ಆಕ್ಟೊಕ್ರಿಲೀನ್ ಎಂಬ ಬೇರೊಂದು ದ್ರವ್ಯವಿರುವ ಬಿಸಿಲಿನ ಲೇಪಗಳು ಹಳತಾದಂತೆಲ್ಲ ಅವುಗಳಲ್ಲಿ ಬೆಂಜೋಫೀನೋನಿನ ಪ್ರಮಾಣ ಹೆಚ್ಚುತ್ತ ಹೋಗುವುದೆಂದು ೨೦೨೧ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಅವಧಿ ಮುಗಿದ ಸೀಸೆಯನ್ನು ಜಿಪುಣತನದಿಂದ ಉಳಿಸಿಕೊಳ್ಳುವುದು ಬೇಡ. ಮಧ್ಯಾಹ್ನದ ಉರಿಬಿಸಿಲಿಗೆ ಹೊರಡುವವರಿಗೆ ನಮ್ಮ ಹಿರಿಯರು ಹಿಡಿದ ಕೊಡೆಯಂತೂ ಇದ್ದೇ ಇದೆ. ಅದು ಯಾರ ಜಲಜನಕವನ್ನೂ ಕೀಳುವುದಿಲ್ಲ.